ಆಮೆಯ ಜೊತೆ ತಿರುಗಿದರೆ ಗಣಿತ

ಸಮಬಾಹು ತ್ರಿಭುಜದ ಪ್ರತಿ ಕೋನ 60 ಡಿಗ್ರಿ. ಹೈಸ್ಕೂಲು ದಾಟಿದವರಿಗೆಲ್ಲ ಇದು ಬಾಯಿಪಾಠ. ಈಗ ಕಂಪ್ಯೂಟರಿನಲ್ಲಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ತೆರೆದು, ಅದರ ಜೊತೆಗೇ ಬರುವ ‘ಟರ್ಟಲ್’ ಎಂಬ ಆಮೆಗೆ ಅಪ್ಪಣೆ ಕೊಡಿ: 100 ಹೆಜ್ಜೆ ಮುಂದೆ ನಡೆ, 60 ಡಿಗ್ರಿ ಎಡಕ್ಕೆ ತಿರುಗು, ಹೀಗೆ ಮೂರು ಸಲ. ತ್ರಿಭುಜ ಮೂಡುವುದಿಲ್ಲ. ಪಕ್ಕಕ್ಕೆ ವಾಲಿಸಿದ ಬೋಗುಣಿಯಂಥ ಗೆರೆಯೊಂದು ಅರ್ಧಕ್ಕೇ ನಿಲ್ಲುತ್ತದೆ. ಆರು ಸಲ ಮಾಡಿಸಿದರೆ ಅದೇ ಗೆರೆ ಕೂಡಿಕೊಂಡು ಷಡ್ಭುಜವಾಗುತ್ತದೆ!

ಪುಸ್ತಕ ಹೇಳಿದ 60 ಡಿಗ್ರಿ ಒಳಕೋನ. ಆಮೆ ತಿರುಗಬೇಕಾದದ್ದು ಹೊರಕೋನದಷ್ಟು, ಅಂದರೆ 120 ಡಿಗ್ರಿ. ಅನುಮಾನವಿದ್ದರೆ ಎದ್ದು ನಿಂತು ನೀವೇ ನೆಲದ ಮೇಲೆ ತ್ರಿಭುಜವೊಂದನ್ನು ನಡೆದು ನೋಡಿ. ಹೊರಟ ಜಾಗಕ್ಕೆ ಬಂದು ಮೊದಲಿನ ದಿಕ್ಕಿಗೇ ಮುಖ ಮಾಡುವಷ್ಟರಲ್ಲಿ ಮೈ ಪೂರ್ತಿ ಒಂದು ಸುತ್ತು ತಿರುಗಿರುತ್ತದೆ. ಮೂರು 120, ನಾಲ್ಕು 90, ಆರು 60, ಎಲ್ಲವೂ 360. ಐದು ಮೂಲೆಯ ನಕ್ಷತ್ರಕ್ಕೆ ಮಾತ್ರ ಐದು ಸಲ 144, ಒಟ್ಟು 720. ಅಲ್ಲಿ ಆಮೆ ಎರಡು ಸುತ್ತು ಹಾಕಿರುತ್ತದೆ.

ಈ ಆಮೆಯ ಮೂಲ 1967ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಹುಟ್ಟಿದ ‘ಲೋಗೋ’ ಭಾಷೆ. ಅದನ್ನು ಮಕ್ಕಳಿಗಾಗಿ ರೂಪಿಸಿದವರು ವಾಲಿ ಫಾಯರ್‌ಜೈಗ್, ಸಿಂಥಿಯಾ ಸಾಲೊಮನ್ ಮತ್ತು ಸೆಮೂರ್ ಪೇಪರ್ಟ್. ಜಿನೀವಾದಲ್ಲಿ ಮನೋವಿಜ್ಞಾನಿ ಪಿಯಾಜೆ ಜೊತೆ ದುಡಿದಿದ್ದ ಪೇಪರ್ಟ್, ಮಗು ತನ್ನ ಮೈಯ ಚಲನೆಯಿಂದಲೇ ರೇಖಾಗಣಿತ ಅರಿಯಬಲ್ಲದು ಎಂದು ನಂಬಿದ್ದರು.

ಅವರ ಮಾತಿನಲ್ಲಿ ನನಗೆ ಬಹಳ ದೊಡ್ಡದಾಗಿ ಕಾಣುವುದು ತಪ್ಪಿಗೆ ಅವರು ಕೊಟ್ಟ ಸ್ಥಾನ. ನೋಟ್‌ಬುಕ್ಕಿನಲ್ಲಿ ತಪ್ಪು ಉತ್ತರಕ್ಕೆ ಕೆಂಪು ಗೆರೆ ಬೀಳುತ್ತದೆ, ಮಗು ಪುಟ ತಿರುವುತ್ತದೆ. ಪ್ರೋಗ್ರಾಮಿನ ತಪ್ಪು ಹಾಗಲ್ಲ. ಅದು ಪರದೆಯ ಮೇಲೆ ಚಿತ್ರವಾಗಿ ನಿಂತು, ಎಲ್ಲಿ ಎಡವಿದೆ ಎಂದು ಹುಡುಕಲು ಕರೆಯುತ್ತದೆ. ಒಂದು ಅಂಕಿ ಬದಲಿಸಿ ಮತ್ತೆ ಓಡಿಸಬಹುದು, ಹತ್ತು ಸಲ ಬೇಕಾದರೂ.

ಒಂದು ಹೆಜ್ಜೆ, ಒಂದು ಡಿಗ್ರಿ; ಆಮೆಯನ್ನು ಹೀಗೆ 360 ಸಲ ನಡೆಸಿ. ಕಣ್ಣಿಗೆ ವೃತ್ತವೇ. ಅದರ ಅಡ್ಡಗಲ ಸುಮಾರು 114.59 ಹೆಜ್ಜೆ. 360ನ್ನು ಅದರಿಂದ ಭಾಗಿಸಿದರೆ 3.1416. ಪೈ ಎಂಬುದನ್ನು ಬರೀ 22/7 ಎಂದು ಉರು ಹೊಡೆದವರಿಗೆ, ಅದು ನಡಿಗೆಯಲ್ಲೇ ಅಡಗಿದ್ದದ್ದು ಕಾಣುತ್ತದೆ.

ಪೈಥಾನ್‌ಗೆ ದುಡ್ಡು ಕೊಡಬೇಕಾಗಿಲ್ಲ. ಐಐಟಿಗಳ ಅಧ್ಯಾಪಕರು ಎನ್‌ಪಿಟಿಇಎಲ್ ಮೂಲಕ ಆನ್‌ಲೈನಿನಲ್ಲಿ ನಡೆಸುವ ಪೈಥಾನ್ ಕೋರ್ಸುಗಳೂ ಉಚಿತ. ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಶುಲ್ಕ. ಆದರೆ ವಿಡಿಯೊ ನೋಡಿದರಷ್ಟೇ ಸಾಲದು, ಪ್ರತಿ ಸಾಲನ್ನೂ ಸ್ವಂತ ಕೈಯಿಂದ ಟೈಪ್ ಮಾಡಬೇಕು.

ಏಳು ಬಾಹುಗಳ ಆಕೃತಿಯಿಂದಲೇ ಆರಂಭಿಸಿ. ಆಮೆ ಪ್ರತಿ ಮೂಲೆಯಲ್ಲಿ ಎಷ್ಟು ತಿರುಗಬೇಕು? ಮನೆಯ ಮಗುವನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ.