ಬೆಳೆ ಕಾಯುವ ಕೋವಿ: ಗುಂಡಿನ ಆಯ್ಕೆ, ನಳಿಗೆಯ ಶುಚಿತ್ವ

ಬೇಲೂರು, ಹಳೇಬೀಡು, ಅರಸೀಕೆರೆ ಕಡೆಯ ಕೆಲವು ರೈತರಲ್ಲಿ ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಕೋವಿಗಳಿವೆ. ಇವು ಗುರಿ ತಪ್ಪಲು, ಕೆಲವೊಮ್ಮೆ ನಳಿಗೆಯೇ ಸಿಡಿದು ಕೈ ಕಣ್ಣು ಹೋಗಲು ಅಲಕ್ಷ್ಯವೇ ಮುಖ್ಯ ಕಾರಣ.

ಈ ಕೋವಿಗಳ ನಳಿಗೆಯ ಒಳಮೈ ನುಣುಪು. ರೈಫಲಿನಂತೆ ಗುಂಡನ್ನು ತಿರುಗಿಸುವ ಗೀರುಗಳಿಲ್ಲ. ಆದುದರಿಂದ ಒಂಟಿ ಗುಂಡು ನೇರವಾಗಿ ಹೋಗಲು ಅದು ನಳಿಗೆಗೆ ಸರಿಯಾಗಿ ಹೊಂದಬೇಕು. 12 ಬೋರಿನ ಒಳವ್ಯಾಸ ಸುಮಾರು 18.5 ಮಿ.ಮೀ. ತುದಿ ಕಿರಿದಾದ, ಅಂದರೆ ಚೋಕ್ ಇರುವ ನಳಿಗೆಗೆ ಬಿಗಿಯಾದ ಗಟ್ಟಿ ಗುಂಡು ಅಪಾಯಕರ. ಕೋವಿಯ ಮೇಲೆ ಒತ್ತಿರುವ ಬೋರ್ ಮತ್ತು ತೋಟಾದ ಅಳತೆ ನೋಡಿಯೇ ಕೊಳ್ಳಿರಿ. ಒಂದು ಕೋವಿಗೆ ಒಗ್ಗಿದ ತೋಟಾ ಇನ್ನೊಂದಕ್ಕೆ ಒಗ್ಗಲಾರದು. ಒಗ್ಗಿದ ತಯಾರಿಕೆಯನ್ನು ಬದಲಿಸಬೇಡಿರಿ.

ಕರಿಮದ್ದಿನ ಕಿಟ್ಟ ಗಾಳಿಯ ತೇವ ಹೀರಿ ಉಕ್ಕನ್ನು ತಿನ್ನುತ್ತದೆ. ಬೇಲೂರಿನ ಮಳೆಗಾಲದಲ್ಲಿ ಒಂದು ರಾತ್ರಿ ಬಿಟ್ಟರೂ ತುಕ್ಕು ಕಾಣಬಹುದು. ಒಣ ಸೀಮೆಯಾದ ಅರಸೀಕೆರೆಯಲ್ಲೂ ಉದಾಸೀನ ಸಲ್ಲದು. ಹಾರಿಸಿದ ದಿನವೇ, ಕೋವಿ ಖಾಲಿ ಇರುವುದನ್ನು ಖಚಿತಪಡಿಸಿಕೊಂಡು, ಹೀಗೆ ಮಾಡಿರಿ:

1. ಕರಿಮದ್ದಿನ ಕೋವಿಯಾದರೆ ಬಿಚ್ಚಿದ ನಳಿಗೆಯನ್ನು ಬಿಸಿನೀರಿನಿಂದ ತೊಳೆಯಿರಿ. ತೋಟಾ ಕೋವಿಗೆ ಎಣ್ಣೆ ಸವರಿದ ಬ್ರಷ್ ಸಾಕು.
2. ಬಟ್ಟೆ ಬೆಳ್ಳಗೆ ಬರುವವರೆಗೆ ಒರೆಸಿರಿ.
3. ಪೂರ್ಣ ಒಣಗಿದ ಮೇಲೆ ತೆಳುವಾಗಿ ಕೋವಿ ಎಣ್ಣೆ ಸವರಿರಿ.

ಬಹುದಿನದ ಮೇಲೆ ತೆಗೆದಾಗ, ತೋಟಾ ತುಂಬುವ ಮೊದಲು ನಳಿಗೆಯೊಳಗೆ ಕಣಜದ ಮಣ್ಣುಗೂಡು, ಬಟ್ಟೆಚೂರು ಇಲ್ಲವೆಂದು ನೋಡಿರಿ. ನಳಿಗೆ ಸಿಡಿಯಲು ಅಷ್ಟೇ ಸಾಕು.

ಒಂಟಿ ಗುಂಡು ಅರ್ಧ ಕಿಲೋಮೀಟರಿಗೂ ಮೀರಿ ಹೋಗಬಲ್ಲದು, ಬೇಲಿಯಾಚೆ ಜನರಿದ್ದಾರೆ. ಕೋವಿಯ ಪರವಾನಗಿಯೊಂದೇ ಕಾಡುಹಂದಿಯನ್ನು ಹೊಡೆಯಲು ಅನುಮತಿಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಧಿಕಾರವುಳ್ಳ ಅರಣ್ಯಾಧಿಕಾರಿಯ ಲಿಖಿತ ಅನುಮತಿಯನ್ನು ಮೊದಲು ಪಡೆಯತಕ್ಕದ್ದು.