ಗರ್ಭಪಾತ, ವಾರಗಳ ಲೆಕ್ಕ ಮತ್ತು ಮನಸ್ಸು

2008ರಿಂದ 2010ರವರೆಗೆ ಅಮೆರಿಕದ 21 ರಾಜ್ಯಗಳ 30 ಗರ್ಭಪಾತ ಕ್ಲಿನಿಕ್ಕುಗಳಲ್ಲಿ ಒಂದು ಅಪರೂಪದ ಅಧ್ಯಯನಕ್ಕೆ ಮಹಿಳೆಯರನ್ನು ಸೇರಿಸಿಕೊಳ್ಳಲಾಯಿತು. ಪ್ರತಿ ಕ್ಲಿನಿಕ್ಕಿಗೂ ಇಷ್ಟು ವಾರದವರೆಗೆ ಮಾತ್ರ ಎಂಬ ಒಂದು ಗಡುವಿತ್ತು. ಗಡುವಿಗೆ ಕೆಲವು ದಿನ ಮೊದಲು ಬಂದವಳಿಗೆ ಗರ್ಭಪಾತ ಆಗುತ್ತಿತ್ತು. ಕೆಲವು ದಿನ ದಾಟಿ ಬಂದವಳನ್ನು ವಾಪಸು ಕಳಿಸುತ್ತಿದ್ದರು. ಇಬ್ಬರ ವಯಸ್ಸು, ಬಡತನ, ಮನೆಯ ತಾಪತ್ರಯ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಕ್ಯಾಲೆಂಡರಿನದು ಮಾತ್ರ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಫ್ರಾನ್ಸಿಸ್ಕೊ ಕೇಂದ್ರದ ಡಯಾನಾ ಗ್ರೀನ್ ಫಾಸ್ಟರ್ ಹಿಡಿದದ್ದು ಈ ಎಳೆಯನ್ನೇ. ಈ ಎರಡು ಗುಂಪುಗಳ ಜೊತೆಗೆ ಮೊದಲ ಮೂರು ತಿಂಗಳೊಳಗೇ ಗರ್ಭಪಾತ ಮಾಡಿಸಿಕೊಂಡವರನ್ನೂ ಸೇರಿಸಿ 956 ಮಹಿಳೆಯರಿಗೆ ಐದು ವರ್ಷ, ಆರು ತಿಂಗಳಿಗೊಮ್ಮೆ ಫೋನ್ ಮಾಡಿ ಹೇಗಿದ್ದೀರಿ ಎಂದು ಕೇಳುತ್ತಾ ಹೋದರು. ಇದೇ ‘ಟರ್ನ್‌ಅವೇ’ ಅಧ್ಯಯನ.

ಇಂಥದ್ದೊಂದು ಬೇಕೆಂಬ ಮಾತು ಅದಕ್ಕೂ ಇಪ್ಪತ್ತು ವರ್ಷ ಹಿಂದಿನದು. ಗರ್ಭಪಾತ ಹೆಣ್ಣಿನ ಮನಸ್ಸನ್ನು ಕೆಡಿಸುತ್ತದೆ ಎಂಬ ವಾದ ಅಮೆರಿಕದ ರಾಜಕೀಯದಲ್ಲಿ ಬಿಸಿಯೇರಿದ್ದಾಗ, 1987ರಲ್ಲಿ ಅಧ್ಯಕ್ಷ ರೇಗನ್ ಇದರ ಬಗ್ಗೆ ವರದಿ ಕೊಡುವಂತೆ ಸರ್ಕಾರದ ಮುಖ್ಯ ವೈದ್ಯಾಧಿಕಾರಿಯಾದ ಸರ್ಜನ್ ಜನರಲ್ ಎವರೆಟ್ ಕೂಪ್ ಅವರಿಗೆ ಹೇಳಿದರು. ಕೂಪ್ ಖುದ್ದು ಗರ್ಭಪಾತದ ಕಡು ವಿರೋಧಿ. ಆದರೂ 1989ರಲ್ಲಿ ಅವರು ಬರೆದದ್ದು, ಈಗಿರುವ ಸಂಶೋಧನೆಗಳಿಂದ ಅತ್ತಲೂ ಇತ್ತಲೂ ತೀರ್ಮಾನಕ್ಕೆ ಬರಲಾಗದು, ದೀರ್ಘಕಾಲದ ಅಧ್ಯಯನ ಬೇಕು ಎಂದು. ತನ್ನ ಪಕ್ಷದವರಿಗೆ ಬೇಕಾದ ಉತ್ತರ ಬರೆದುಕೊಡದ ವೈದ್ಯರು ಎಲ್ಲ ಕಾಲದಲ್ಲೂ ಕಡಿಮೆಯೇ.

ಹಳೆಯ ಅಧ್ಯಯನಗಳಲ್ಲಿ ಬಹುಪಾಲು ಎಡವಿದ್ದು ಹೋಲಿಕೆಯಲ್ಲಿ. ಗರ್ಭಪಾತ ಮಾಡಿಸಿಕೊಂಡವಳನ್ನು, ಮಗು ಬೇಕೆಂದೇ ಬಸಿರಾಗಿ ಹೆತ್ತವಳ ಪಕ್ಕ ನಿಲ್ಲಿಸಿದರೆ ಮೊದಲನೆಯವಳ ಮನಸ್ಸು ಕುಗ್ಗಿರುವಂತೆ ಕಾಣುವುದು ಸಹಜ. ಅವಳನ್ನು ಕ್ಲಿನಿಕ್ಕಿಗೆ ತಂದ ಕಷ್ಟಗಳು ಅಲ್ಲಿಗೆ ಬರುವ ಮೊದಲೇ ಇದ್ದವಲ್ಲ. ಡೆನ್ಮಾರ್ಕಿನ ರಾಷ್ಟ್ರೀಯ ದಾಖಲೆಗಳನ್ನು ಆಧರಿಸಿ 2011ರಲ್ಲಿ ಪ್ರಕಟವಾದ ಅಧ್ಯಯನ ಇದನ್ನು ಅಂಕಿಗಳಲ್ಲೇ ತೋರಿಸಿತು. ಮೊದಲ ಮೂರು ತಿಂಗಳಲ್ಲಿ ಗರ್ಭಪಾತ ಮಾಡಿಸಿಕೊಂಡ 84,620 ಮಹಿಳೆಯರಲ್ಲಿ ಮೊದಲ ಬಾರಿಗೆ ಮನೋವೈದ್ಯರ ಬಳಿ ಹೋದವರ ಪ್ರಮಾಣ ವರ್ಷಕ್ಕೆ ಸಾವಿರಕ್ಕೆ ಗರ್ಭಪಾತದ ಮೊದಲು 14.6, ನಂತರ 15.2. ಮೊದಲ ಹೆರಿಗೆಯಾದವರಲ್ಲಿ ಇದೇ ಪ್ರಮಾಣ ಹೆರಿಗೆಗೆ ಮೊದಲು 3.9 ಇದ್ದದ್ದು ನಂತರ 6.7ಕ್ಕೆ ಏರಿತ್ತು. ಗರ್ಭಪಾತಕ್ಕೆ ಬಂದವರಲ್ಲಿ ತೊಂದರೆ ಮೊದಲಿನಿಂದಲೂ ಹೆಚ್ಚು ಇತ್ತು. ಗರ್ಭಪಾತದಿಂದ ಅದು ಹೇಳಿಕೊಳ್ಳುವಷ್ಟು ಏರಲಿಲ್ಲ.

ಫಾಸ್ಟರ್ ತಂಡ ಹೋಲಿಸಿದ್ದು ಗರ್ಭಪಾತ ಬೇಕೆಂದು ಬಂದು ಪಡೆದವರನ್ನು ಮತ್ತು ಬೇಕೆಂದು ಬಂದು ಸಿಗದೆ ಹೋದವರನ್ನು. ಬಂದ ದಿನದಿಂದ ಒಂದು ವಾರಕ್ಕೆ ಕೇಳಿದಾಗ ಹೆಚ್ಚು ಆತಂಕ, ಕಡಿಮೆ ಆತ್ಮಗೌರವ ಕಂಡದ್ದು ವಾಪಸು ಹೋದವರಲ್ಲಿ. ಆರು ತಿಂಗಳಿಂದ ಒಂದು ವರ್ಷದೊಳಗೆ ಈ ಅಂತರ ಕರಗಿ, ಮುಂದೆ ಎರಡೂ ಗುಂಪಿನವರ ಮನಸ್ಥಿತಿ ಹತ್ತಿರ ಹತ್ತಿರ ಬಂತು. ಆತ್ಮಹತ್ಯೆಯ ಯೋಚನೆಗಳಲ್ಲೂ ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಗರ್ಭಪಾತ ಆದವರು ಐದು ವರ್ಷದುದ್ದಕ್ಕೂ ಹೆಚ್ಚಾಗಿ ಹೇಳಿಕೊಂಡ ಭಾವನೆ ನಿರಾಳತೆ. ದುಃಖ, ತಪ್ಪಿತಸ್ಥ ಭಾವ, ಸಿಟ್ಟು ಇದ್ದೇ ಇದ್ದವು, ವರ್ಷ ಕಳೆದಂತೆ ಇಳಿದವು. ದುಃಖವಾಯಿತು ಎಂದವರಲ್ಲೂ ಬಹುಪಾಲು ಮಂದಿ ನಿರ್ಧಾರ ತಪ್ಪಾಯಿತು ಎನ್ನಲಿಲ್ಲ. ಸರಿಯಾದ ನಿರ್ಧಾರವೇ ಎಂದವರು ನೂರಕ್ಕೆ 95ರಷ್ಟು.

ಹಾಗೆಂದು ಈ ಅಧ್ಯಯನ ಒಂದೇ ಪಾಳಯದ ಆಯುಧವೇನಲ್ಲ. ವಾಪಸು ಹೋದವರಲ್ಲಿ ಒಂದು ವಾರದ ನಂತರವೂ ‘ಗರ್ಭಪಾತ ಆಗಿದ್ದರೆ ಚೆನ್ನಾಗಿತ್ತು’ ಎಂದವರು ಶೇ. 65. ಹೆರಿಗೆಯಾದ ಮೇಲೆ ಅದು ಶೇ. 12ಕ್ಕೆ, ಐದು ವರ್ಷದ ಹೊತ್ತಿಗೆ ಶೇ. 4ಕ್ಕೆ ಇಳಿಯಿತು. ಹುಟ್ಟಿದ ಮಗುವನ್ನು ಎದೆಗವಚಿಕೊಂಡವಳು ಅದು ಬೇಡವಾಗಿತ್ತು ಎನ್ನುವುದು ಸುಲಭವಲ್ಲ. ಮನಸ್ಸು ಹೊಂದಿಕೊಂಡಿತು, ಬದುಕು ಮಾತ್ರ ಅಷ್ಟು ಬೇಗ ಹೊಂದಿಕೊಳ್ಳಲಿಲ್ಲ. ವಾಪಸು ಹೋದವರ ಸಾಲದ ದಾಖಲೆ ತೆಗೆದು ನೋಡಿದಾಗ ಗಡುವು ಮೀರಿದ ಬಾಕಿ ಶೇ. 78ರಷ್ಟು ಹೆಚ್ಚಿತ್ತು. ಹೊಡೆಯುವ ಗಂಡಸಿನ ಸಂಪರ್ಕದಿಂದ ಬಿಡಿಸಿಕೊಳ್ಳುವುದೂ ಅವರಿಗೆ ಕಷ್ಟವಾಯಿತು. ಒಂದು ಮಿತಿಯನ್ನೂ ಹೇಳಬೇಕು: ಅಧ್ಯಯನಕ್ಕೆ ಕರೆದವರಲ್ಲಿ ಒಪ್ಪಿ ಬಂದವರು ಶೇ. 40ಕ್ಕೂ ಕಡಿಮೆ. ವಿಮರ್ಶಕರು ಮತ್ತೆ ಮತ್ತೆ ಎತ್ತುವ ಪ್ರಶ್ನೆ ಇದು, ಎತ್ತಬೇಕಾದದ್ದೇ.

ಇನ್ನು ವಾರಗಳ ಮಾತು. ತಡವಾದಷ್ಟೂ ಮನಸ್ಸಿನ ಗಾಯ ಆಳ ಎಂದು ಬಹಳ ಜನ ನಂಬಿದ್ದಾರೆ. ಆದರೆ ಈ ಅಧ್ಯಯನದಲ್ಲಿ ಮೊದಲ ಮೂರು ತಿಂಗಳಲ್ಲಿ ಮಾಡಿಸಿಕೊಂಡವರು, ಗಡುವಿನ ಅಂಚಿನಲ್ಲಿ ಮಾಡಿಸಿಕೊಂಡವರು, ಈ ಇಬ್ಬರ ಖಿನ್ನತೆ, ಆತಂಕದ ರೇಖೆಗಳು ಐದು ವರ್ಷವೂ ಜೊತೆಜೊತೆಯಾಗಿಯೇ ಸಾಗಿದವು. ಹಾಗಾದರೆ ತಡವಾಗಿ ಬಂದವರು ಯಾರು? ಬಸಿರು ಎಂದೇ ಗೊತ್ತಾಗದವರು, ತೀರಾ ಚಿಕ್ಕ ವಯಸ್ಸಿನವರು, ಒಂಟಿಯಾಗಿ ಮಕ್ಕಳನ್ನು ಸಾಕುತ್ತಿದ್ದವರು, ಮನೆಯಲ್ಲಿ ಏಟು ತಿನ್ನುತ್ತಿದ್ದವರು, ಮೊದಲೇ ಖಿನ್ನತೆಯಲ್ಲಿದ್ದವರು. ಜೊತೆಗೆ ದುಡ್ಡಿನ ಕಾಟ. ವಾರ ಏರಿದಂತೆ ಕ್ಲಿನಿಕ್ಕಿನ ಶುಲ್ಕವೂ ಏರುತ್ತದೆ. ಅವಳು ಅಷ್ಟು ಹೊಂದಿಸುವಷ್ಟರಲ್ಲಿ ಇನ್ನೂ ಇಷ್ಟು ಬೇಕೆನ್ನುತ್ತಾರೆ. ಮುಂದೆ ಮನಸ್ಸು ನರಳುವುದಾದರೆ ಅದರ ಸುಳಿವು ಈ ಪಟ್ಟಿಯಲ್ಲೇ ಹೆಚ್ಚು. ಊರವರಿಗೆ ಗೊತ್ತಾದರೆ ಕೀಳಾಗಿ ಕಂಡಾರು ಎಂಬ ಅಳುಕು ಕ್ಲಿನಿಕ್ಕಿಗೆ ಬಂದಾಗಲೇ ಹೆಚ್ಚಿದ್ದವರಲ್ಲಿ, ವರ್ಷಗಳ ನಂತರವೂ ಮಾನಸಿಕ ಸಂಕಟ ಹೆಚ್ಚಾಗಿ ಕಂಡಿತು.

ತಡವಾದ ಗರ್ಭಪಾತಗಳಲ್ಲಿ ಒಂದು ಬಗೆಯದನ್ನು ಮಾತ್ರ ಬೇರೆಯಾಗಿಯೇ ನೋಡಬೇಕು. ಐದನೇ ತಿಂಗಳ ಸ್ಕ್ಯಾನಿಂಗಿಗೆ ಗಂಡ ಹೆಂಡತಿ ಖುಷಿಯಿಂದಲೇ ಹೋಗಿರುತ್ತಾರೆ. ಪರದೆ ನೋಡುತ್ತಿದ್ದ ಡಾಕ್ಟರು ಇದ್ದಕ್ಕಿದ್ದಂತೆ ಮಾತು ನಿಲ್ಲಿಸುತ್ತಾರೆ. ಮಗುವಿನ ಮಿದುಳೋ ಹೃದಯವೋ ಸರಿಯಾಗಿ ಬೆಳೆದಿಲ್ಲ. ಬೇಕೆಂದು ಹೊತ್ತ ಬಸಿರನ್ನು ಹೀಗೆ ಕಳೆದುಕೊಂಡವರ ದುಃಖ ಗರ್ಭ ತಾನಾಗಿ ಹೋದವರ, ಸತ್ತ ಮಗು ಹುಟ್ಟಿದವರ ದುಃಖಕ್ಕೆ ಸಮನಾದದ್ದು ಎಂದು ಅಮೆರಿಕದ ಮನಶ್ಶಾಸ್ತ್ರ ಸಂಘದ 2008ರ ವರದಿ ಹೇಳಿತ್ತು. ಇವರಿಗೆ ಬೇಕಾದದ್ದು ಬಾಣಂತನದ ಆರೈಕೆ, ಜೊತೆಗೆ ಸಾವಿನ ಮನೆಯವರಿಗೆ ಹೇಳುವ ಸಾಂತ್ವನ. ನಮ್ಮಲ್ಲಿ ಸಿಗುವುದು ಬಹುತೇಕ ‘ಇನ್ನೊಂದು ಆಗುತ್ತೆ ಬಿಡಮ್ಮ’ ಎಂಬ ಮಾತು.

ಅಮೆರಿಕದಲ್ಲಿ ಗರ್ಭಪಾತ ತಡೆಯಲು ಎತ್ತಿದ ಮನಸ್ಸಿನ ಮಾತು, ಭಾರತದಲ್ಲಿ ಗರ್ಭಪಾತಕ್ಕೆ ಬಾಗಿಲು ತೆರೆಯಿತು. 1971ರ ನಮ್ಮ ವೈದ್ಯಕೀಯ ಗರ್ಭಪಾತ ಕಾಯ್ದೆ ಹೆಣ್ಣಿನ ಮಾನಸಿಕ ಆರೋಗ್ಯಕ್ಕೆ ಆಗುವ ತೀವ್ರ ಹಾನಿಯನ್ನು ಒಂದು ಕಾರಣವಾಗಿ ಒಪ್ಪಿಕೊಂಡಿದೆ. ಅತ್ಯಾಚಾರದಿಂದ ಬಸಿರಾದರೆ ಆ ಹಾನಿ ಇದೆಯೆಂದೇ ಭಾವಿಸಬೇಕು. ಗರ್ಭನಿರೋಧಕ ಕೈಕೊಟ್ಟಾಗ ಆಗುವ ಸಂಕಟವನ್ನೂ ಹಾಗೆ ಭಾವಿಸಬಹುದು ಎನ್ನುತ್ತದೆ ಕಾಯ್ದೆ. ಮೊದಲು ಇದು ಮದುವೆಯಾದವರಿಗೆ ಮಾತ್ರ ಇತ್ತು, 2021ರ ತಿದ್ದುಪಡಿ ಆ ಕಟ್ಟು ತೆಗೆಯಿತು. ಅದೇ ತಿದ್ದುಪಡಿಯ ಪ್ರಕಾರ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು, ಕೆಲವು ವರ್ಗದವರಿಗೆ 24 ವಾರದವರೆಗೆ ಇಬ್ಬರದು ಬೇಕು. ಅವಿವಾಹಿತೆಯರನ್ನು ಈ 24 ವಾರಗಳಿಂದ ಹೊರಗಿಡುವಂತಿಲ್ಲ ಎಂದು ಸುಪ್ರೀಂ ಕೋರ್ಟು 2022ರ ಸೆಪ್ಟೆಂಬರ್ 29ರಂದು ತೀರ್ಪು ಕೊಟ್ಟಿತು.

ಆದರೂ ಕ್ಯಾಲೆಂಡರು ಎಷ್ಟು ಕಠೋರ ಎಂಬುದು 2023ರ ಅಕ್ಟೋಬರ್‌ನಲ್ಲಿ ಕಂಡಿತು. 27 ವರ್ಷದ ಮಹಿಳೆ, ಎರಡು ಮಕ್ಕಳ ತಾಯಿ. ಹಾಲೂಡಿಸುತ್ತಿದ್ದುದರಿಂದ ಮುಟ್ಟು ಬಂದಿರಲಿಲ್ಲ, ಹಾಗಾಗಿ ಮೂರನೇ ಬಸಿರು ಗೊತ್ತೇ ಆಗಲಿಲ್ಲ. ಎರಡನೇ ಹೆರಿಗೆಯ ನಂತರದ ಮಾನಸಿಕ ಕಾಯಿಲೆಗೆ ಔಷಧಿ ನಡೆಯುತ್ತಿತ್ತು. ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ 9ರಂದು ಗರ್ಭಪಾತಕ್ಕೆ ಒಪ್ಪಿಗೆ ಕೊಟ್ಟಿತು. ಭ್ರೂಣ ಬದುಕುಳಿಯುವ ಸಾಧ್ಯತೆ ಇದೆ, ಏನು ಮಾಡಬೇಕು ಎಂದು ಏಮ್ಸ್ ವೈದ್ಯರು ಕೇಳಿದಾಗ ಪೀಠವೇ ಒಡೆಯಿತು. ನ್ಯಾಯಮೂರ್ತಿ ಹಿಮಾ ಕೊಹ್ಲಿ ಕೊಟ್ಟ ಒಪ್ಪಿಗೆಯಿಂದ ಹಿಂದೆ ಸರಿದರು. ಕರ್ನಾಟಕ ಹೈಕೋರ್ಟಿನಿಂದ ಹೋದ ಬಿ.ವಿ. ನಾಗರತ್ನ ಆಕೆಯ ನಿರ್ಧಾರಕ್ಕೆ ಮನ್ನಣೆ ಸಿಗಬೇಕೆಂದು ನಿಂತರು. ಮೂವರ ಪೀಠ 16ರಂದು ಅನುಮತಿ ನಿರಾಕರಿಸಿತು. ಅಷ್ಟರಲ್ಲಿ 26 ವಾರ ದಾಟಿತ್ತು. ಈ ಒಂದು ವಾರ ಆ ತಾಯಿ ಹೇಗೆ ಕಳೆದಳು ಎಂಬುದು ಯಾವ ಆದೇಶದಲ್ಲೂ ಇಲ್ಲ.

ಕೋರ್ಟಿನ ಮೆಟ್ಟಿಲು ಹತ್ತುವವರು ಬೆರಳೆಣಿಕೆಯಷ್ಟು. 2015ರಲ್ಲಿ ಭಾರತದಲ್ಲಿ ಆದ ಗರ್ಭಪಾತಗಳು ಸುಮಾರು 1 ಕೋಟಿ 56 ಲಕ್ಷ ಎಂದು ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಅಂದಾಜಿಸಿತ್ತು. ಅದರಲ್ಲಿ ಶೇ. 73ರಷ್ಟು ಆಸ್ಪತ್ರೆಯ ಹೊರಗೆ, ಮಾತ್ರೆ ನುಂಗಿ ಆದವು. ಮೆಡಿಕಲ್ ಶಾಪಿನಿಂದ ಗುಟ್ಟಾಗಿ ತಂದ ಮಾತ್ರೆ ನುಂಗಿ, ಎಷ್ಟು ರಕ್ತ ಹೋದರೆ ಹೆದರಬೇಕು ಎಂದು ಕೇಳಲೂ ಯಾರಿಲ್ಲದೆ ಬಚ್ಚಲಮನೆಯಲ್ಲಿ ಕೂತವಳ ಭಯಕ್ಕೆ ಗರ್ಭಪಾತಕ್ಕಿಂತ ಒಂಟಿತನವೇ ದೊಡ್ಡ ಕಾರಣ.

ಕಾಯ್ದೆಯ ಪ್ರಕಾರ 18 ತುಂಬಿದ, ಮಾನಸಿಕ ಅಸ್ವಸ್ಥತೆ ಇಲ್ಲದ ಮಹಿಳೆಗೆ ಅವಳ ಸಹಿಯೊಂದೇ ಸಾಕು. ಗಂಡನದೂ ಬೇಡ, ಅತ್ತೆಯದೂ ಬೇಡ. ಅವಳ ಹೆಸರು ಬಯಲಾಗುವಂತಿಲ್ಲ ಎಂದು 2021ರ ತಿದ್ದುಪಡಿ ಹೇಳಿದೆ. ಆದರೂ ‘ಯಜಮಾನರನ್ನು ಕರೆದುಕೊಂಡು ಬನ್ನಿ’ ಎಂದು ಎಷ್ಟೋ ಕಡೆ ವಾಪಸು ಕಳಿಸುತ್ತಾರೆ. ಮೊದಲ ತಿಂಗಳುಗಳಲ್ಲಿ ಸುಲಭವಾಗಿ ಮುಗಿಯಬೇಕಾದದ್ದು ಹೀಗೆ ವಾರ ವಾರ ಮುಂದೆ ಹೋಗುತ್ತದೆ. ಮುಂಚೆಯಾಗಲಿ ನಂತರವಾಗಲಿ ಮನಸ್ಸು ತೀರಾ ಕುಸಿದರೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು. ಅದರ ಹೊಣೆ ಹೊತ್ತ ಪ್ರಮುಖ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್, ಕನ್ನಡದಲ್ಲೇ ಮಾತಾಡಬಹುದು.