ಕರುಳೇನು ಹಾಲಿನ ಪಾತ್ರೆಯೇ?

ಮಲದಲ್ಲಿ ರಕ್ತ ಹೋಗುತ್ತಿದೆ, ಡಾಕ್ಟರು ಅಲ್ಸರೇಟಿವ್ ಕೊಲೈಟಿಸ್ ಅಂದಿದ್ದಾರೆ ಎಂದು ಬಾಯಿಬಿಟ್ಟರೆ ಸಾಕು, ನೆಂಟರಿಷ್ಟರಲ್ಲಿ ಒಬ್ಬರಾದರೂ ಮೊಸರಿನ ಬಟ್ಟಲು ಮುಂದೆ ತಳ್ಳುತ್ತಾರೆ. ‘ಒಳ್ಳೆ ಬ್ಯಾಕ್ಟೀರಿಯಾ ಕಣ್ರೀ, ಹುಣ್ಣು ತಾನಾಗೇ ಮಾಯುತ್ತೆ.’ ಸ್ವಲ್ಪ ಓದಿಕೊಂಡವರು ಮೆಡಿಕಲ್ ಶಾಪಿನಿಂದ ಪ್ರೋಬಯಾಟಿಕ್ ತರಿಸುತ್ತಾರೆ. ಪೊಟ್ಟಣದ ಮೇಲಿನ ಬ್ಯಾಕ್ಟೀರಿಯಾ ಕೋಟಿಗಳ ಲೆಕ್ಕ ನೋಡಿ ಧೈರ್ಯ ಬಂದ ರೋಗಿ, ಉರಿಯೂತ ತಣಿಸುತ್ತಿದ್ದ ಮೆಸಲಮಿನ್ ಗುಳಿಗೆಯನ್ನು ಬೀರುವಿನ ಮೂಲೆಗೆ ಸೇರಿಸುತ್ತಾನೆ.

ಸಿಟ್ಟು ಬರುವುದು ಇಲ್ಲೇ.

ಈ ನಂಬಿಕೆಯ ಬೇರು ಅಡುಗೆಮನೆಯಲ್ಲಿದೆ. ಉಗುರುಬೆಚ್ಚಗಿನ ಹಾಲಿಗೆ ಒಂದು ಚಮಚ ಹೆಪ್ಪು ಬಿಟ್ಟರೆ ಬೆಳಗಾಗುವಷ್ಟರಲ್ಲಿ ಪಾತ್ರೆಯೆಲ್ಲ ಮೊಸರು. ಕರುಳೂ ಹಾಗೇ ಎಂಬ ಊಹೆ. ಆದರೆ ಕಾಯಿಸಿದ ಹಾಲಿನಲ್ಲಿ ಹೆಪ್ಪಿಗೆ ಎದುರಾಳಿಗಳಿರುವುದಿಲ್ಲ. ನಮ್ಮ ದೇಹದಲ್ಲೋ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆ, ಬಹುಪಾಲು ದೊಡ್ಡ ಕರುಳಿನಲ್ಲೇ ಜಾಗ ಹಿಡಿದು ಕೂತಿವೆ. ಜಠರದ ಆಮ್ಲ ದಾಟಿ ಬಂದ ಮೊಸರಿನವು ನೆಂಟರ ಹಾಗೆ ನಾಲ್ಕು ದಿನ ಇದ್ದು ಹೊರಡುತ್ತವೆ.

ರೋಗಿಯ ಕರುಳಿನಲ್ಲಿ ನಿಜಕ್ಕೂ ಕಡಿಮೆಯಾಗಿರುವ ಜೀವಿಗಳೇ ಬೇರೆ. ಅಲ್ಸರೇಟಿವ್ ಕೊಲೈಟಿಸ್‌ನಂತೆಯೇ ಕರುಳಿನ ಉರಿಯೂತವಾದ ಕ್ರೋನ್ಸ್ ಕಾಯಿಲೆಯಲ್ಲಿ ಫೀಕಲಿಬ್ಯಾಕ್ಟೀರಿಯಂ ಪ್ರೌಸ್ನಿಟ್ಜಿ ಎಂಬ ಬ್ಯಾಕ್ಟೀರಿಯಾ ಕ್ಷೀಣಿಸುತ್ತದೆ ಎಂದು ಫ್ರೆಂಚ್ ಸಂಶೋಧಕರು 2008ರಲ್ಲಿ ತೋರಿಸಿದರು. ನಾರಿನಂಶದಿಂದ ಬ್ಯುಟಿರೇಟ್ ತಯಾರಿಸಿ ದೊಡ್ಡ ಕರುಳಿನ ಒಳಪದರಕ್ಕೆ ಉಣಿಸುವುದು ಅದರ ಕೆಲಸ. ಗಾಳಿ ಸೋಕಿದರೆ ಸಾಯುವ ಈ ಜೀವಿ ಮೊಸರಿನ ಬಟ್ಟಲಲ್ಲಿ ಸಿಗುವುದಾದರೂ ಹೇಗೆ? (ಬ್ಯುಟಿರೇಟ್ ಎಂಬ ಹೆಸರು ಬೆಣ್ಣೆಯಿಂದ ಬಂದದ್ದು ಎಂದು ತಿಳಿದು ಯಾರಾದರೂ ತುಪ್ಪ ಕುಡಿಯಲು ಹೊರಟಾರು, ಅದು ಸಣ್ಣ ಕರುಳಿನಲ್ಲೇ ಮುಗಿದುಹೋಗುತ್ತದೆ.)

ಹಾಗಂತ ಬ್ಯಾಕ್ಟೀರಿಯಾ ಚಿಕಿತ್ಸೆಯೆಲ್ಲ ಬೊಗಳೆಯಲ್ಲ. 1917ರಲ್ಲಿ ಜೊತೆಯವರೆಲ್ಲ ರಕ್ತಭೇದಿಯಿಂದ ಮಲಗಿದಾಗಲೂ ಗಟ್ಟಿಮುಟ್ಟಾಗಿದ್ದ ಸೈನಿಕನೊಬ್ಬನ ಮಲದಿಂದ ಜರ್ಮನಿಯ ವೈದ್ಯ ಆಲ್ಫ್ರೆಡ್ ನಿಸ್ಲೆ ಒಂದು ಬಗೆಯ ಇ. ಕೋಲೈ ಬೇರ್ಪಡಿಸಿದ. ಅಲ್ಸರೇಟಿವ್ ಕೊಲೈಟಿಸ್ ಶಮನವಾಗಿದ್ದ 327 ಮಂದಿಯ ಮೇಲೆ ಒಂದು ವರ್ಷ ನಡೆದು 2004ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಅದನ್ನು ತೆಗೆದುಕೊಂಡವರಲ್ಲಿ ಶೇ 36, ಮೆಸಲಮಿನ್ ತೆಗೆದುಕೊಂಡವರಲ್ಲಿ ಶೇ 34ರಷ್ಟು ಜನರಿಗೆ ರೋಗ ಮರುಕಳಿಸಿತು. ಹೆಚ್ಚುಕಮ್ಮಿ ಸಮಸಮ. ಆದರೆ ಈ ಫಲಿತಾಂಶ ಆ ಒಂದು ತಳಿಯದು, ಆ ಒಂದು ಕಾಯಿಲೆಯದು. ಅಂಗಡಿಯ ಕಪಾಟಿನಲ್ಲಿರುವ ಬೇರೆ ಪೊಟ್ಟಣಗಳು ಅದರ ಕೀರ್ತಿಯನ್ನು ಪುಕ್ಕಟೆಯಾಗಿ ಹಂಚಿಕೊಳ್ಳುತ್ತಿವೆ. ಅಮೆರಿಕದ ಜಠರ-ಕರುಳು ತಜ್ಞರ ಸಂಘವಂತೂ 2020ರ ಮಾರ್ಗಸೂಚಿಯಲ್ಲಿ, ಅಲ್ಸರೇಟಿವ್ ಕೊಲೈಟಿಸ್, ಕ್ರೋನ್ಸ್ ಎರಡಕ್ಕೂ ಪ್ರೋಬಯಾಟಿಕ್ ಬಳಕೆ ಪ್ರಯೋಗಗಳಿಗಷ್ಟೇ ಇರಲಿ ಎಂದಿತು.

 

ಇನ್ನು ಆರೋಗ್ಯವಂತರ ಮಲವನ್ನು ರೋಗಿಯ ಕರುಳಿಗೆ ಸೇರಿಸುವ ಚಿಕಿತ್ಸೆ. ಕೆನಡಾದ 2015ರ ಪ್ರಯೋಗದಲ್ಲಿ 38 ಕೊಲೈಟಿಸ್ ರೋಗಿಗಳ ಪೈಕಿ 9 ಮಂದಿಗೆ ರೋಗ ಶಮನವಾಯಿತು. ಅವರಲ್ಲಿ ಏಳು ಜನರಿಗೆ ಸಿಕ್ಕಿದ್ದು ಒಬ್ಬನೇ ದಾನಿಯದು. ಯಾಕೆ ಅವನದೇ ಎಂಬ ಪ್ರಶ್ನೆ ಬಿಟ್ಟು, ‘ಶುದ್ಧ ನೈಸರ್ಗಿಕ’ ಎಂಬ ಒಂದೇ ಮಾತು ಜನರ ಕಿವಿಗೆ ಬಿತ್ತು. ಮಾತ್ರೆಯ ಪಟ್ಟಿಯ ಹಿಂದಿನ ಸಣ್ಣಕ್ಷರವನ್ನು ಭೂತಗನ್ನಡಿ ಹಿಡಿದು ಅನುಮಾನಿಸುವವರು ಈ ಮಾತಿಗೆ ಮಾತ್ರ ಕಣ್ಣುಮುಚ್ಚಿ ತಲೆಯಾಡಿಸುತ್ತಾರೆ. 2019ರಲ್ಲಿ ಅಮೆರಿಕದಲ್ಲಿ ಇಂಥ ಚಿಕಿತ್ಸೆ ಪಡೆದ ಇಬ್ಬರಿಗೆ ಆ್ಯಂಟಿಬಯಾಟಿಕ್‌ಗೆ ಬಗ್ಗದ ಇ. ಕೋಲೈ ಸೋಂಕು ತಗಲಿ ಒಬ್ಬರು ಸತ್ತರು. ದಾನಿಯ ಮಲದಲ್ಲಿ ಅಂಥ ಬ್ಯಾಕ್ಟೀರಿಯಾ ಇದೆಯೇ ಎಂಬ ಪರೀಕ್ಷೆಯನ್ನೇ ಮಾಡಿರಲಿಲ್ಲ. ಮನೆಯ ಮಿಕ್ಸಿಯಲ್ಲೇ ಇದನ್ನು ತಯಾರಿಸುವ ವಿಡಿಯೊಗಳು ಇವತ್ತಿಗೂ ಸಿಗುತ್ತವೆ.